ಬಾಕಿ

ಜುಲೈ ತಿಂಗಳ ಖೀವಾದಲ್ಲಿ
ಉಣ್ಣೆಯ ಕಾಲುಚೀಲ ಮಾರುತ್ತ ಕೂತಿದ್ದಾಳೆ ಅನಾಜಾನ್.
ನಲವತ್ತಮೂರು ಡಿಗ್ರಿ. ಕೋಟೆಯ ಮಣ್ಣುಗೋಡೆಗೆ ಕೈ ತಾಗಿಸಿದರೆ
ಒಲೆಯಿಂದ ಆಗಷ್ಟೇ ಇಳಿಸಿದ ಹಂಚು.
ಒಂಟೆಯದು, ಒಂಟೆಯದು, ಎಂದು ಸನ್ನೆ ಮಾಡಿ
ಒಂದನ್ನು ನನ್ನ ಕೆನ್ನೆಗೆ ಒತ್ತುತ್ತಾಳೆ.
ನಾನು ನಗುತ್ತೇನೆ, ಅವಳೂ.
ಚಿನ್ನದ ಹಲ್ಲು ನಾಲ್ಕು. ಎಣಿಸಿದ್ದೇನೆ.

ಎಣಿಸುವುದು ನನ್ನ ಚಾಳಿ.
ಮೂವತ್ತೊಂದು ವರ್ಷ ಬ್ಯಾಂಕಿನ ಗಾಜಿನ ಹಿಂದೆ
ಒದ್ದೆ ಸ್ಪಂಜಿಗೆ ಬೆರಳು ಅದ್ದಿ ಅದ್ದಿ
ಊರವರ ದುಡ್ಡು ಎಣಿಸಿದವಳು.
ನಿವೃತ್ತಿಯ ದಿನ ಕೊಟ್ಟ ಸೂಟ್‌ಕೇಸಿಗೆ
ಇದು ಮೊದಲ ವಿದೇಶ; ನನಗೂ.

ಗೈಡ್ ಮುಹಾಯ್ಯೋ ಕೆಂಪು ಛತ್ರಿ ಎತ್ತಿ ಹಿಡಿದು
ಶತಮಾನಗಳನ್ನು ಬೇಗ ಬೇಗ ದಾಟಿಸುತ್ತಾಳೆ:
ಇದು ಮದರಸಾ, ಇದು ಖಾನನ ಬೇಸಿಗೆಯ ಪಡಸಾಲೆ,
ಅದು ಶೌಚಾಲಯ, ಎರಡು ಸಾವಿರ ಸೋಮ್,
ಚಿಲ್ಲರೆ ಇಟ್ಟುಕೊಂಡಿರಿ.

ಶುಕ್ರವಾರದ ಮಸೀದಿಗೆ ಕಾಲಿಟ್ಟರೆ
ಬಿಸಿಲು ಚಪ್ಪಲಿಯ ಜೊತೆ ಹೊರಗೇ ಉಳಿಯಿತು.
ಕಂಬಗಳು. ಮರದ ಕಂಬಗಳು. ಕಾಡನ್ನೇ ಕರೆದು
ಸಾಲಾಗಿ ನಿಲ್ಲಿ ಅಂದ ಹಾಗೆ.
ಸೂರಿನ ಕಿಂಡಿಯಿಂದ ಬಿದ್ದ ಬೆಳಕಿನಲ್ಲಿ
ಯಾರದೋ ಮಗು ಐಸ್‌ಕ್ರೀಮು ನೆಕ್ಕುತ್ತಿತ್ತು.
ಮುಹಾಯ್ಯೋ ಇನ್ನೂರಹದಿನೆಂಟು ಅಂದಳು.
ನನಗೆ ಸಿಕ್ಕಿದ್ದು ಇನ್ನೂರಹನ್ನೊಂದು.
ಮತ್ತೆ ಮೂಲೆಯಿಂದ ಶುರು ಮಾಡಿದೆ: ಇನ್ನೂರಹದಿನಾಲ್ಕು.
ಆ ತಂಪಿನಲ್ಲೂ ಮೈ ಬೆವರಿತು,
ಕ್ಯಾಷು ತಾಳೆಯಾಗದ ಸಂಜೆಗಳ ಬೆವರು,
ಹದಿನೇಳು ರೂಪಾಯಿಗಾಗಿ ರಾತ್ರಿ ಒಂಬತ್ತರವರೆಗೆ ಕೂತದ್ದು.
ಬಾಗಿಲು ಕಾಯುವ ರೂಝಿಂಬಾಯ್ ಅಜ್ಜ
ತುಪ್ಪಳದ ಟೊಪ್ಪಿಯ ಕೆಳಗಿನಿಂದ ಎಲ್ಲ ನೋಡುತ್ತಿದ್ದವನು
ಎರಡೂ ಅಂಗೈ ಮೇಲೆತ್ತಿ ಏನೋ ಹೇಳಿದ.
ಮುಹಾಯ್ಯೋ ನಗುತ್ತಲೇ ತಿಳಿಸಿದಳು:
"ನಾನೂ ಎಣಿಸುತ್ತಿದ್ದೆ, ಮದುವೆಗೆ ಮುಂಚೆ."

ಪಡುವಣ ಬಾಗಿಲ ಬಳಿ ಆ ಗಿಡ್ಡ ಮಿನಾರು.
ನೀಲಿಯೆಂದರೆ ನೀಲಿ, ಹಸಿರು ಬೆರೆತ ನೀಲಿ.
ಹೊಟ್ಟೆ ದಪ್ಪ, ಕತ್ತಿಲ್ಲ.
ಕಟ್ಟಿಸುತ್ತಿದ್ದ ಖಾನ ಎಲ್ಲೋ ಯುದ್ಧದಲ್ಲಿ ಸತ್ತ.
ಮರುದಿನ ಗಾರೆಯವರು ಬಂದರೋ ಇಲ್ಲವೋ,
ಅರ್ಧ ಕಲಸಿದ ಗಾರೆ ಏನಾಯಿತೋ,
ಕೊನೆಯ ವಾರದ ಕೂಲಿ ಕೊಟ್ಟರೋ,
ಮುಹಾಯ್ಯೋ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ.
ಎಲ್ಲರೂ ಫೋನು ಎತ್ತಿ ಹಿಂದೆ ಹಿಂದೆ ಸರಿಯುತ್ತಾರೆ,
ಇಡಿಯಾಗಿ ಹಿಡಿಸಲು,
ಇಡಿಯೇ ಆಗದ್ದನ್ನು.

ಕೊನೆಗೆ ಕಾಲುಚೀಲ ಕೊಂಡೆ. ಯಾರಿಗೆಂದು ಕೇಳಬೇಡಿ,
ನಮ್ಮ ಕಲಬುರಗಿಯಲ್ಲಿ ಚಳಿ ಅಂದರೆ
ಫ್ಯಾನನ್ನು ಐದರಿಂದ ಮೂರಕ್ಕಿಳಿಸುವುದು.
"ಹಿಸಾಬು?" ಅಂದೆ ಬಾಯಿ ತಪ್ಪಿ.
"ಹಿಸೋಬ್!" ಎಂದು ಅರಳಿದಳು ಅನಾಜಾನ್.
ಆಮೇಲೆ ಆಟವೇ ಶುರು. ತಲೆಯ ಬಟ್ಟೆ ಮುಟ್ಟಿ ರೂಮೋಲ್ ಅಂದಳು,
ನಾನು ರುಮಾಲು. ಬೋಝೋರ್, ಬಜಾರು.
ಕೋಟೆಯ ಬಾಗಿಲು ತೋರಿಸಿ ದರ್ವೋಝಾ ಅಂದಾಗ
ನನ್ನಜ್ಜಿಯ ದನಿ ಕೇಳಿತು: ದರವಾಜ ಹಾಕಿಕೋ.
ಯಾವ ಒಂಟೆ ಹೊತ್ತಿತ್ತೋ ಈ ಮಾತುಗಳನ್ನು,
ಅಲ್ಲೊಂದು ಚೀಲ ಇಲ್ಲೊಂದು ಚೀಲ ಇಳಿಸಿ ಹೋಗಿದೆ.

ಅವಳಲ್ಲಿ ಚಿಲ್ಲರೆ ಇರಲಿಲ್ಲ.
ನನಗಿನ್ನೂ ಐದು ಸಾವಿರ ಸೋಮ್ ಬರಬೇಕು.
ಇರಲಿ ಬಿಡು ಎಂದು ಕೈಯಾಡಿಸಿ,
ಹಳೇ ಅಭ್ಯಾಸ, ಅಂದುಬಿಟ್ಟೆ: "ಬಾಕಿ."
ಅವಳ ನಗು ನಿಂತಿತು.
ತಲೆಯೆತ್ತಿ ಮಿನಾರಿನ ಮೊಂಡು ತುದಿಯ ಮೇಲಿನ
ಖಾಲಿ ಆಕಾಶ ನೋಡಿದಳು.
ಮಗುವಿನ ಉಚ್ಚಾರ ತಿದ್ದುವವಳ ಹಾಗೆ
"ಬೋಕೀ," ಅಂದಳು, ಮೆಲ್ಲಗೆ.

ಬಸ್ಸಿನಲ್ಲಿ ಮುಹಾಯ್ಯೋಳನ್ನು ಕೇಳಿದೆ.
"ಕೊನೆಯಿಲ್ಲದ್ದು," ಅಂದಳು, ಛತ್ರಿ ಮಡಚುತ್ತ.
"ಸತ್ತವರು ಹೋಗುವ ಲೋಕಕ್ಕೂ ಹಾಗೇ ಅನ್ನುತ್ತೇವೆ.
ನಿಮ್ಮಲ್ಲಿ?"

ನಮ್ಮಲ್ಲಿ, ಅಂದೆ, ಇನ್ನೂ ಸಲ್ಲಬೇಕಾದದ್ದು.

ಅವಳು ಚೀಟಿ ತೆಗೆದು ನಮ್ಮ ತಲೆ ಎಣಿಸತೊಡಗಿದಳು.
ತೊಡೆಯ ಮೇಲೆ ಕಾಲುಚೀಲ,
ಯಾರದೋ ಪಾದ ಒಳಗಿರುವ ಹಾಗೆ
ಬೆಚ್ಚಗಿತ್ತು.