ಹಿಂದೆ ಬರುವುದು

ಲಕ್ಕವಳ್ಳಿಯ ಹಿನ್ನೀರಿಗೆ ಹಾಯಿದೋಣಿ ಯಾಕೆ ಅಂತ
ಯಾರೂ ಕೇಳಲಿಲ್ಲ. ಕೇಳಿದ್ದರೆ
ಗುತ್ಯಪ್ಪನ ಬಳಿ ಉತ್ತರವಿರಲಿಲ್ಲ.
ಲಾರಿ ಟಾರ್ಪಾಲಿನ ಹಾಯಿ ಹೊಲಿದವಳು ನಾನು,
ತರೀಕೆರೆಯ ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಯಲ್ಲಿ,
ಏಳು ಸೂಜಿ ಮುರಿದು.

ಮಾರ್ಚಿನಲ್ಲಿ ನೀರು ಇಳಿಯಿತು.
ದೊಡ್ಡದರ ಹೊಟ್ಟೆ ಕೆಸರಿಗೆ ತಾಗುವ ಮೊದಲೇ
ಲಂಗರು ಬಿಟ್ಟು ನಿಲ್ಲಬೇಕು,
ಆಮೇಲೆ ಬುತ್ತಿ ತಲೆಯ ಮೇಲೆ, ಸೀರೆ ಸೊಂಟಕ್ಕೆ.
‘ಇದಕ್ಕೊಂದು ಮರಿ ಬೇಕು’ ಅಂದ ಗುತ್ಯಪ್ಪ.

ಟ್ರ್ಯಾಕ್ಟರಿನ ಟ್ಯೂಬು ನೋಡಿದೆವು: ಹಗುರ, ಆದರೆ ಕುಂಡಿ ಒದ್ದೆ.
ಡ್ಯಾಂ ಕ್ವಾರ್ಟರ್ಸಿನವರ ತಗಡಿನ ದೋಣಿ
ಇಬ್ಬರು ಎತ್ತಿದರೂ ಅಲುಗಲಿಲ್ಲ.
ಪಳನಿಯ ಫೈಬರ್ ಹರಿಗೋಲು,
ಅಂಚಿನಲ್ಲಿ ಒಣಗಿದ ಮೀನಿನ ನೆತ್ತರು,
ಒಬ್ಬಳೇ ಬೆನ್ನಿಗೇರಿಸಿ ಆಮೆಯ ಹಾಗೆ ನಡೆದೆ.
‘ಎಳೆದರೆ ಗಿರಗಿರ ತಿರುಗುತ್ತೆ ಅಕ್ಕ’
ಅಂದ ಪಳನಿ, ದುಡ್ಡು ಎಣಿಸಿಕೊಂಡ ಮೇಲೆ.

ತಿರುಗಿತು.
ಹಗ್ಗ ಹುರಿಗೊಂಡು, ಬಿಚ್ಚಿ, ಮತ್ತೆ ಹುರಿಗೊಂಡು,
ಯಾವ ದಿಕ್ಕನ್ನೂ ಮೂತಿ ಎಂದು ಒಪ್ಪದ ದುಂಡನೆಯ ಹಟ.
ಅಡಿಗೊಂದು ಹಲಗೆ ಬಿಗಿದೆವು.
ಅಂಚಿನ ಎರಡು ತೂತಿಗೆ ಎರಡು ಹಗ್ಗ, ಮುಂದೆ ಒಂದೇ ಗಂಟು.
ಗಿಡ್ಡ ಕಟ್ಟಿದರೆ ಬೆನ್ನಿಗೆ ಗುದ್ದುತ್ತದೆ,
ಉದ್ದ ಬಿಟ್ಟರೆ ನೀರಿನಿಂದೆದ್ದ ಬೊಡ್ಡೆಗೆ ಸುತ್ತುತ್ತದೆ.
ನಾಲ್ಕು ಮಾರು. ಅದೂ ಎದುರು ಗಾಳಿಗೆ.
ಬೆನ್ನ ಗಾಳಿಯ ಲೆಕ್ಕವೇ ಬೇರೆ:
ನಾವು ನಿಧಾನವಾದಾಗೆಲ್ಲ ಅದು ಓಡಿ ಬರುತ್ತದೆ.

ನಾನು ಹಾಯಿ ನೋಡಬೇಕಾದವಳು, ಹಿಂದೆಯೇ ನೋಡುತ್ತಿದ್ದೆ.
ಮಷೀನಿನ ಮುಂದೆ ಮೂವತ್ತು ವರ್ಷ
ಸೂಜಿಯ ಈಚೆಗಿನ ಬಟ್ಟೆ ನೋಡಿದ ಕಣ್ಣು;
ಹೊಲಿಗೆ ಆಚೆ ಬೀಳುತ್ತಿತ್ತು, ತನ್ನ ಪಾಡಿಗೆ.

ಏಪ್ರಿಲಿನ ಒಂದು ಮಧ್ಯಾಹ್ನ ಗುಡುಗು,
ರೀವ ಹಕ್ಕಿಗಳ ನಡುಗಡ್ಡೆ ದಾಟಿದ್ದೆವಷ್ಟೆ.
ತಿರುಗಿದರೆ ಬರಿಯ ಹಗ್ಗ,
ನೀರ ಮೇಲೆ ಏನೋ ಗೀಚುತ್ತ ಬರುತ್ತಿತ್ತು.
ಗಂಟು ನನ್ನದು. ಗುತ್ಯಪ್ಪ ಏನೂ ಅನ್ನಲಿಲ್ಲ.
ಬೈದಿದ್ದರೆ ಚೆನ್ನಿತ್ತು.
ಅವತ್ತು ಎದೆಮಟ್ಟದ ನೀರಿಗಿಳಿದೇ ದಡ ಸೇರಿದ್ದು.

ಐದನೆಯ ದಿನ ಕಾಡಿನ ಬದಿಯಲ್ಲಿ ಸಿಕ್ಕಿತು,
ಎರಡು ಬೊಡ್ಡೆಗಳ ನಡುವೆ, ಯಾರೋ ನಿಲ್ಲಿಸಿಟ್ಟ ಹಾಗೆ.
ಒಳಗೆ ನೀರುನಾಯಿಯ ಹಿಕ್ಕೆ, ಏಡಿಯ ಚಿಪ್ಪು,
ಅರ್ಧ ತಿಂದುಬಿಟ್ಟ ಗೆಂಡೆ.
ಗುತ್ಯಪ್ಪ ಹಗ್ಗ ನೀಡಿದ.
ಈ ಸಲ ನೀನೇ ಕಟ್ಟು ಅಂದೆ.
‘ನೀನೇ’ ಅಂದ.

ಎರಡು ಸುತ್ತು ಹೆಚ್ಚಿಗೆ ಹಾಕಿದೆ.
ತೊಳೆಯಲಿಲ್ಲ.
ವಾಸನೆಯೂ ಬಂತು, ನಾಲ್ಕು ಮಾರು ಹಿಂದೆ.