ಮೂರು ನಿಮಿಷ, ಕಡತಕ್ಕೆ

ಓಹಾಯೊ ರಾಜಧಾನಿಯ ಈ ಕೋಣೆಯಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನದು ಒಂದೇ ಕೆಲಸ:
ಯಾರು ಏನೆಂದರೋ ಅದನ್ನು ಅಂದಷ್ಟೇ ಬರೆದಿಡುವುದು.
ಕೆಮ್ಮು ಬರೆಯುವುದಿಲ್ಲ. ಸಿಟ್ಟು ಬರೆಯುವುದಿಲ್ಲ.
ಸುಳ್ಳನ್ನು ಬರೆಯುತ್ತೇನೆ, ಅದು ಮಾತಾದ್ದರಿಂದ.

ಸಾಕ್ಷಿಯ ಮೇಜಿನ ಮೇಲೊಂದು ಪುಟ್ಟ ದೀಪ.
ಹಸಿರು ಎರಡು ನಿಮಿಷ, ಹಳದಿ ಒಂದು.
ಕೆಂಪಾದರೆ ದೇವರಾದರೂ ಎದ್ದು ಹೋಗಬೇಕು.

ಥರ್ಜಾ ಹ್ಯಾಡ್ಲಿ ಮೊದಲ ಸಲ ಬಂದಾಗ
ಲೆಕ್ಕ ತಂದಿದ್ದಳು. ಸಾರೆಲ್ ಹಳ್ಳದ ಪಕ್ಕ ಎಷ್ಟು ಬಾವಿ,
ದಿನಕ್ಕೆಷ್ಟು ಲಾರಿ ವಿಷದ ಉಪ್ಪುನೀರು.
ಇಲ್ಲಿ ಬಾವಿಯೆಂದರೆ ಸೇದುವುದಕ್ಕಲ್ಲ,
ಎಣ್ಣೆ ಕಂಪನಿ ಉಂಡು ಉಗುಳಿದ್ದನ್ನು
ಭೂಮಿಗೆ ಕುಡಿಸುವುದಕ್ಕೆ.
ಮರುವರ್ಷ ಹೆಸರು ತಂದಳು, ಟ್ರೈಲರ್ ಮನೆಗಳ ಸಾಲಿನಲ್ಲಿ
ಮೂಗಿನಿಂದ ರಕ್ತ ಸುರಿವ ಏಳು ಮಕ್ಕಳದ್ದು.
ಮೂರನೆಯ ವರ್ಷ ತಂದದ್ದು ಆರು ಹೆಸರು.
ಇನ್ನು ಹೊಸ ಬಾವಿ ಬೇಡವೆಂಬ ಮಸೂದೆ
ಪ್ರತಿಸಲವೂ ಇಲ್ಲೇ ಕಣ್ಣುಮುಚ್ಚಿತು,
ಮತಕ್ಕೂ ಬಾರದೆ, ಊಟದ ಹೊತ್ತಾಯಿತೆಂದು.

ನಾಲ್ಕನೆಯ ಸಲ, ಫೆಬ್ರುವರಿ, ಹೊರಗೆ ಕೊಳೆತ ಹಿಮ.
ಬೂದು ಕೋಟು, ಗಂಡಸರ ಬೂಟು, ಬರಿಗೈ.
ಕೂತಳು. ದೀಪ ಹಸಿರಾಯಿತು.
ನನ್ನ ಬೆರಳು ಕೀಲಿಗಳ ಮೇಲೆ ಕಾದವು.

ಅವಳು ಮಾತಾಡಲಿಲ್ಲ.

ಮೈಕು ಸರಿಯಿದೆಯೇ, ಎಂದ ಅಧ್ಯಕ್ಷ ಕ್ರಂಬಾಕ್.
ಸರಿಯಿದ್ದೇನೆ ಎಂದಿತು ಮೈಕು, ಕುಂಯ್ ಎಂದು.
"ಅಮ್ಮಾ, ಹೇಳುವುದಿಲ್ಲವಾದರೆ ಮುಂದಿನವರು…"
ಅನ್ನುವಷ್ಟರಲ್ಲಿ ವಕೀಲ ಕಿವಿಯಲ್ಲಿ ಊದಿದ:
ನಿಯಮದ ಪ್ರಕಾರ ಮೂರು ನಿಮಿಷ ಅವಳ ಸ್ವತ್ತು.

ಅವಳ ಮತದವರು ಹೀಗೇ ಅಂತೆ. ಭಾನುವಾರ
ಪಾದ್ರಿಯಿಲ್ಲದೆ, ಕೀರ್ತನೆಯಿಲ್ಲದೆ ಬೆಂಚಿನ ಮೇಲೆ ಸುಮ್ಮನೆ ಕೂರುತ್ತಾರೆ,
ಒಳಗಿಂದ ಯಾರೋ ಎಬ್ಬಿಸಿದರೆ ಮಾತ್ರ ಏಳುತ್ತಾರೆ.
ನನಗೆ ಆ ಒಳಗಿನವನ ಪರಿಚಯವಿಲ್ಲ.
ನನಗೆ ಗೊತ್ತಿದ್ದದ್ದು ಎದುರಿನ ಬಿಳಿ ಪರದೆ,
ಅದರಲ್ಲಿ ಮಿಟುಕುವ ಒಂದು ಕಪ್ಪು ಗೀಟು.

ಏನೆಂದು ಹೊಡೆಯಲಿ?
ಹೀಟರಿನ ಕೊಳವೆ ಟಕ್ ಎಂದಿತು.
ಯಾರದೋ ಹೊಟ್ಟೆ ಗುರ್ರೆಂದಿತು, ಅಧ್ಯಕ್ಷರದೇ ಇರಬೇಕು.
ಗೋಡೆಯೊಳಗೆ ನೀರು ಹರಿವ ಸದ್ದು.
ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ,
ಈ ಗೋಡೆಯಲ್ಲಿ ನೀರಿದೆ ಎಂದು.

ಕೆಂಪು. ಎದ್ದಳು. ತಲೆಬಾಗಿದಳು. ಹೋದಳು.

ಆಮೇಲೆ ಡೆಲ್ಮರ್ ಪ್ರಾಯ್, ಕೊಳವೆ ಬೆಸೆಯುವವ.
ಅವನ ಚರ್ಚಿನಲ್ಲಿ ಚಪ್ಪಾಳೆ, ಡ್ರಮ್ಮು, ಮೈದುಂಬಿ ಕೂಗುವುದು;
ಬಾಯಿ ಮುಚ್ಚಿ ಕೂರುವುದೆಂದರೆ ಉಸಿರು ಕಟ್ಟಿದಂತೆ.
ಕೂತ. ಮೊಣಕಾಲು ಕುಣಿಯುತ್ತಿತ್ತು. ತುಟಿ ಕಚ್ಚಿ ಹಿಡಿದ.
ಆಮೇಲೆ ಹಿಬಾಖ್, ಸೊಮಾಲಿಯಾದಿಂದ ಬಂದವಳು,
ಅದೇ ವಿಷದ ಲಾರಿಯನ್ನು ಎರಡು ವರ್ಷ ಓಡಿಸಿ ಬಿಟ್ಟವಳು.
ಪ್ರಾರ್ಥನೆಗೆ ಹಿಡಿದಂತೆ ಎರಡೂ ಅಂಗೈ ಬಿಚ್ಚಿದಳು.
ಬೆರಳ ಸಂದಿಯ ಸುಟ್ಟ ಕಲೆ ಕ್ಯಾಮೆರಾಕ್ಕೂ ಕಂಡಿತು.
ಆಮೇಲೆ ಇನ್ನೂ ಒಂಬತ್ತು ಜನ. ಒಬ್ಬ ಹುಡುಗ
ತಡೆಯಲಾರದೆ ಕಿಸಕ್ಕೆಂದ. ಅಜ್ಜಿ ಗದರಲಿಲ್ಲ.
ಒಟ್ಟು ಮೂವತ್ತಾರು ನಿಮಿಷ.

ಮಸೂದೆ ಬಿತ್ತು, ಒಂಬತ್ತಕ್ಕೆ ನಾಲ್ಕು.
ಆದರೆ ಈ ಸಲ ಮತಕ್ಕೆ ಹಾಕಿದರು, ಕೈ ಎತ್ತಿಸಿದರು.
ಯಾವ ಕೈ ಯಾರದೆಂದು ನಾನು ಬರೆದುಕೊಂಡೆ.

ಸಂಜೆ ಅಧ್ಯಕ್ಷರ ಚೀಟಿ:
'ಸಾಕ್ಷಿಗಳು ಏನೂ ಹೇಳಲಿಲ್ಲ', ಒಂದೇ ಸಾಲಲ್ಲಿ ಮುಗಿಸು.
ನಾನು ಹನ್ನೆರಡು ಹೆಸರು ಹೊಡೆದೆ.
ಮೂರು ನಿಮಿಷ ಮಾತಾಡಿದ್ದರೆ ಎಷ್ಟು ಜಾಗ ಹಿಡಿಯುತ್ತಿತ್ತೋ
ಅಷ್ಟು ಜಾಗ ಬಿಟ್ಟೆ, ತಲಾ ಎರಡು ಪುಟ.

ಕೆಳಮಹಡಿಯಿಂದ ಮುದ್ರಣದವನ ಫೋನು:
"ಇಪ್ಪತ್ತನಾಲ್ಕು ಪುಟ ಬಿಳಿ ಬಂದಿದೆ, ಶಾಯಿ ತೀರಿರಬೇಕು."
ತೀರಿಲ್ಲ, ಅಂದೆ. ಹಾಗೇ ಹೊಲಿ.
ಬೈದುಕೊಂಡೇ ಹೊಲಿದ.

ಬರುವ ಫೆಬ್ರುವರಿಗೆ ಹೆಸರು ಕೊಟ್ಟವರು ನಲವತ್ತೊಂದು ಜನ.
ಕಾಗದ ಹೆಚ್ಚಿಗೆ ತರಿಸಿಟ್ಟಿದ್ದೇನೆ.