ಊರಿದ ಕಾಲು

ಬಂದೇನವಾಜ ಸರ ಮೊದಲನೇ ದಿನ ಹಿಡಿಯೂದು ಕಲಸಲಿಲ್ಲ,
ಬೀಳೂದು ಕಲಸಿದ್ರು.
"ಗದ್ದ ಎದಿಗೆ ಹಚ್ಚು. ಭುಜದ ಮ್ಯಾಲೆ ಉರುಳು.
ಕೈ ಊರಿದಿ ಅಂದ್ರ ಮಣಿಕಟ್ಟು ಹೋತು."
ಟಿಕೋಟಾದ ಸಾಲಿ ಹಿಂದ ಹನ್ನೊಂದು ಹುಡುಗ್ಯಾರು
ಚೀಲ ಹರದು ಚೆಲ್ಲಿದ ಉಳ್ಳಾಗಡ್ಡಿ ಹಂಗ ಉರುಳಿದ್ರು.

ಹುಡುಗ ಅಂದ್ರ ನಾ ಒಬ್ಬನ.
ನಸುಕಿನ್ಯಾಗ ಅಕ್ಕನ ಜೋಡಿ ಹೋಗು ಅಂತ ಅವ್ವ ಹೇಳಿದ್ಲು, ಅಷ್ಟ.
ಸರ ನನ್ನ ಕಾಲು ನೋಡಿದ್ರು. "ಓಡ್ತೀ ಏನ?"
ಅವತ್ತಿಂದ ನಾ ರೇಡರ್,
ಅಂದ್ರ ಹಿಡಿಸಿಕೊಳ್ಳಾಂವ.

ನನಗಿಂತ ಮೊದಲು ಒಂದು ಗಾದಿ ಇತ್ತು.
ನದಾಫರ ಮನಿತನ, ಸರನ ಅಪ್ಪ ಇನ್ನೂ ಅರಳಿ ಹಿಂಜ್ತಾನ.
ಹಳೇ ಹತ್ತಿ, ಹರಕ ಸೀರಿ, ಎರಡು ಬುಟ್ಟಿ ಉಸುಕು ತುಂಬಿ
ಎರಡು ಕಾಲು ಬ್ಯಾರೆ ಇಟ್ಟು ಹೊಲದಿದ್ದ.
ಬೇವಿನ ಟೊಂಗಿಗೆ ಜೋತು ಬಿದ್ದ ಅದನ್ನ
ಒಬ್ಬೊಬ್ಬರ ಬಂದು ಗುದ್ದಿ ಗುದ್ದಿ
ತಿಂಗಳಿಗೆ ಹೊಲಿಗಿ ಬಿಚ್ಚಿ ಉಸುಕು ಸುರೀತು.
ಆಮ್ಯಾಲೆ ನಾ.

"ಕಣ್ಣು ನೋಡಬ್ಯಾಡ್ರಿ, ಕಣ್ಣು ಸುಳ್ಳು ಹೇಳ್ತಾವ.
ಟೊಂಕ ನೋಡ್ರಿ. ಅದು ಹೋದ ಕಡೇನ ಅಂವ ಹೋಗಾಂವ."
ರಾತ್ರಿ ಅಂಗಳದಾಗ ನಿಂತು
ಟೊಂಕಕ್ಕೂ ಸುಳ್ಳು ಕಲಸಾಕ ನೋಡಿದ್ನಿ.
ಬರಲಿಲ್ಲ.

ಎಡ ಮೂಲ್ಯಾಗ ಜಮನಾ ರಾಠೋಡ, ತಾಂಡಾದಾಕಿ.
ಬಗ್ಗು ಅಂದ್ರ ಎಲ್ಲಾರೂ ಬೆನ್ನು ಬಗ್ಗಸ್ತಿದ್ರು,
ಆಕಿ ಮಣಕಾಲು.
"ಯಾರು ಕಲಸಿದ್ರ?" ಅಂತ ಸರ ಕೇಳಿದ್ರು.
"ಕಬ್ಬು," ಅಂದ್ಲು.
ಎರಡು ಸುಗ್ಗಿ ಕೊಲ್ಲಾಪುರದ ಕಡೆ ಅವ್ವನ ಜೋಡಿ ಕಡದು ಬಂದಾಕಿ.
ಬುಡಕ್ಕ ಕಡೀಲಿಲ್ಲಂದ್ರ ಮಾಲಕ ರೊಕ್ಕ ಮುರಕೋತಾನಂತ.

"ಎತ್ತಿದ ಕಾಲಿಗೆ ಆಸೆ ಪಡಬ್ಯಾಡ," ಸರ ಅಂತಿದ್ರು,
"ಊರಿದ ಕಾಲು ಹಿಡಿ, ಮೈ ಭಾರ ಅಲ್ಲೈತಿ."
ಬೋನಸ್ ಗೆರಿ ದಾಟಿ ನಾ ಒಂದು ಕಾಲು ಚಾಚಿದ್ರ
ಇನ್ನೊಂದರ ಹರಡಿಗೆ ಆಕಿ ಎರಡೂ ಕೈ ಕೀಲಿ ಬೀಳತಿತ್ತು.
ಒಮ್ಮಿಯೂ ನೋವಾಗಲಿಲ್ಲ. ಸುಮ್ನ ನೆಲಕ್ಕ ಬರತಿದ್ನಿ,
ಗಿಡದಿಂದ ಇಳಿದಂಗ.

ಹಲ್ಲು ಮುರದಾಕಿ ನಮ್ಮಕ್ಕ.
ಕವರ್‌ನಿಂದ ಓಡಿ ಬಂದ್ಲು, ನನ್ನ ಮಾರಿ ನೋಡಿದ್ಲು,
ಅಯ್ಯ ತಮ್ಮ ಅಂತ ಕೈ ಸಡಲ ಬಿಟ್ಲು.
ಆಕಿ ಮಣಕಾಲು, ನನ್ನ ಬಾಯಿ.
ಆಕಿ ಅಳಾಕ ಹತ್ತಿದ್ಲು. ನಾ ರಕ್ತ ಉಗುಳಿದ್ನಿ.
ಸರ ಬೈಲಿಲ್ಲ. ನೀರು ಕೊಟ್ಟು ಅಂದ್ರು:
"ಅರ್ಧಾ ಹಿಡದ್ರ ಇಬ್ಬರಿಗೂ ಪೆಟ್ಟು.
ಹಿಡಿಯೂದಿದ್ರ ಪೂರಾ ಹಿಡಿ, ಇಲ್ಲಂದ್ರ ದಾರಿ ಬಿಡು."
ಮರುದಿನ ಅಕ್ಕಗ ನಾನ ಹೇಳಿದ್ನಿ, "ಬಾ."
ಹನ್ನೆರಡು ಸಲ ಕೆಡವಿದ್ಲು.
ಹನ್ನೆರಡನೇದು ಛಲೋ ಇತ್ತು.

ಇಂಡಿಯೊಳಗ ಮ್ಯಾಚು. ನನಗ ಹೊರಗ ಕುರ್ಚಿ,
ಕೈಯಾಗ ಆರು ಮಂದಿ ಚಪ್ಪಲಿ.
ಎದುರಿನಾಕಿ ಉದ್ದ ಕಾಲಿನಾಕಿ, ಬರೇ ನಗೂದು,
ಬೋನಸ್ ಗೆರಿಗೆ ಬಲಗಾಲು ಚಾಚಿದ್ಲು.
ಜಮನಾ ಇನ್ನೂ ಕುಂತಿದ್ದಿಲ್ಲ, ಆಕಿ ಕೈ ಇನ್ನೂ ಎದ್ದಿದ್ದಿಲ್ಲ,
ಕುರ್ಚಿ ಕೆಳಗ ನನ್ನ ಎಡಗಾಲು
ತಾನ ಹಿಂದಕ್ಕ ಸರೀತು.